ಬೀಗದ ಕೈ ಯಾರ ಹತ್ತಿರ ಇದೆ?

ನಾನು ಗೊಬ್ಬರ, ಔಷಧಿ ಮಾರುವವನು. ಹೊಸನಗರ ತಾಲೂಕಿನಲ್ಲಿ ಅಪ್ಪನ ಕಾಲದಿಂದ ನಡೆದು ಬಂದ ಅಂಗಡಿ. ಮಕ್ಕಳ ಮನಸ್ಸಿನ ಬಗ್ಗೆ ಓದಿಕೊಂಡವನಲ್ಲ. ಆದರೆ ಈ ಸುತ್ತಿನ ಮನೆಗಳ ಅಟ್ಟದ ಮೇಲೆ, ಕೊಟ್ಟಿಗೆಯ ಮಾಡಿನ ಸಂದಿಯಲ್ಲಿ, ಪಂಪ್‌ಶೆಡ್ಡಿನ ಮೂಲೆಯಲ್ಲಿ ಏನೇನು ಬಿದ್ದಿರುತ್ತದೆ ಅನ್ನುವುದು ಎಷ್ಟೋ ಸಲ ಆ ಮನೆಯವರಿಗಿಂತ ನನಗೇ ಚೆನ್ನಾಗಿ ಗೊತ್ತು. ಬಿಲ್ ಬುಕ್ಕು ನನ್ನ ಹತ್ತಿರ ಇದೆಯಲ್ಲ! ಅದೊಂದೇ ಅರ್ಹತೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಹೇಳಬೇಕಾದದ್ದು ಇಷ್ಟು. ಮನೆಯಲ್ಲಿ ಹದಿನಾರು, ಹದಿನೆಂಟು, ಇಪ್ಪತ್ತರ ಮಗುವೊಂದು 'ಬದುಕಿ ಎಂತ ಆಗಬೇಕು' ಅನ್ನುವ ಮಾತು ಆಡಿತೆಂದರೆ, ಯಾಕೆ ಹೀಗಾಯಿತು ಅಂತ ಹುಡುಕುತ್ತಾ ಕೂರಬೇಡಿ. ಕಾರಣ ಸಿಗುವುದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಸಿಗದೆಯೂ ಹೋಗಬಹುದು. ಮಗುವಿಗೂ ಜೀವ ತೆಗೆಯುವ ವಸ್ತುವಿಗೂ ನಡುವೆ ದೂರ ಹೆಚ್ಚಿಸುವುದು ಮಾತ್ರ ಇವತ್ತು ಸಂಜೆಯೊಳಗೆ ಆಗುವ ಕೆಲಸ. ಅಪ್ಪ ಅಮ್ಮ ಇಬ್ಬರೇ ಮಾಡಬಹುದಾದ ಕೆಲಸ.

ಇದು ನನ್ನ ತಲೆಗೆ ಬಂದದ್ದು ಒಬ್ಬ ಗಿರಾಕಿಯಿಂದ. ಊರು, ಹೆಸರು ಬರೆಯುವುದಿಲ್ಲ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಅಲ್ಲಲ್ಲಿ ಬದಲಿಸಿಯೂ ಇದ್ದೇನೆ. ಮುಂಗಾರು ಹಿಡಿದಿತ್ತು. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಸಮಯ ಅಂದರೆ ಅಂಗಡಿಯಲ್ಲಿ ಮೈಲುತುತ್ತು, ಸುಣ್ಣ, ರಾಳ ತೂಗಿಸಿಕೊಳ್ಳುವವರ ಗಲಾಟೆ. ಅಂಥಾದ್ದರಲ್ಲಿ ಇವರು ಜೀಪಿನಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿಕೊಂಡು ಬಂದರು. ಮೇಲೆ ಗೊಬ್ಬರದ ಚೀಲ ಮುಚ್ಚಿತ್ತು.

"ಅಣ್ಣಾ, ಇದನ್ನ ವಾಪಸ್ ತಗೊಳ್ತೀರಾ?"

"ಎಂತಾಯ್ತು ಮಾರಾಯ? ಔಷಧಿ ಕೆಲಸ ಮಾಡ್ಲಿಲ್ವಾ?"

"ಔಷಧಿ ಸರಿ ಇದೆ. ಮನೇಲಿ ಇರೋದು ಬೇಡ."

ಪೆಟ್ಟಿಗೆಯಲ್ಲಿದ್ದದ್ದು ಶುಂಠಿಗೆ, ಗದ್ದೆಗೆ ಅಂತ ನಾನೇ ಕೊಟ್ಟಿದ್ದ ಕೀಟನಾಶಕ, ಕಳೆನಾಶಕ. ಅರ್ಧದಷ್ಟು ಡಬ್ಬಿಗಳ ಸೀಲ್ ಕೂಡ ಒಡೆದಿರಲಿಲ್ಲ. ಜನ ಕರಗುವವರೆಗೆ ಅವರು ಸುಮ್ಮನೆ ಬೆಂಚಿನ ಮೇಲೆ ಕೂತಿದ್ದರು. ಆಮೇಲೆ ಹೇಳಿದರು. ಮಗಳು ನೀಟ್ ಕೋಚಿಂಗ್‌ಗೆ ಅಂತ ಹಾಸ್ಟೆಲಿನಲ್ಲಿದ್ದವಳು, ರಿಸಲ್ಟ್ ಬಂದ ಮೇಲೆ ಮನೆಗೆ ಬಂದಿದ್ದಾಳೆ. ಊಟ ಸರಿ ಇಲ್ಲ, ರಾತ್ರಿ ನಿದ್ದೆ ಇಲ್ಲ. ದೊಡ್ಡಪ್ಪನ ಮಗಳಿಗೆ ಫೋನಿನಲ್ಲಿ 'ಮಲಗಿದವಳು ಏಳದೇ ಇದ್ರೆ ಎಲ್ಲರಿಗೂ ಹಗುರ' ಅಂದಳಂತೆ. ಆ ಹುಡುಗಿ ಗುಟ್ಟು ಅಂತ ಇಟ್ಟುಕೊಳ್ಳದೆ ಅದೇ ಗಳಿಗೆಯಲ್ಲಿ ಚಿಕ್ಕಮ್ಮನಿಗೆ ಹೇಳಿದಳು. ಶಹಬ್ಬಾಸ್ ಅನ್ನಬೇಕು.

ಶಿವಮೊಗ್ಗಕ್ಕೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ವೈದ್ಯರು ಮಗಳ ಹತ್ತಿರ ಬಹಳ ಹೊತ್ತು ಮಾತಾಡಿದ ಮೇಲೆ ಅಪ್ಪ ಅಮ್ಮನನ್ನು ಒಳಗೆ ಕರೆದು ಕೇಳಿದ ಮೊದಲ ಪ್ರಶ್ನೆ, "ಮನೇಲಿ ತೋಟಕ್ಕೆ ಹೊಡೆಯೋ ಔಷಧಿ ಎಲ್ಲಿಡ್ತೀರಿ?" ಎರಡನೆಯದು ಮಾತ್ರೆಗಳ ಬಗ್ಗೆ. ಮೂರನೆಯದು ಕೋವಿ ಇದೆಯಾ ಅಂತ. "ನಾನು ಅವಳ ಓದು, ಖರ್ಚು, ಸೀಟು ಅಂತ ಎಲ್ಲ ಹೇಳೋಕೆ ತಯಾರಾಗಿ ಹೋಗಿದ್ದೆ ಅಣ್ಣಾ, ಅವರು ನೋಡಿದ್ರೆ ಅಟ್ಟದ ವಿಚಾರ ಕೇಳ್ತಾರೆ" ಅಂದರು.

ಪೆಟ್ಟಿಗೆ ತಗೊಂಡೆ. ಬಿಲ್ ನೋಡಿ ಲೆಕ್ಕಕ್ಕೆ ಜಮಾ ಮಾಡಿದೆ. ಆ ಭಾನುವಾರ ಅವರ ಜತೆ ಮನೆಗೂ ಹೋದೆ. ಯಾವುದು ಎಂಥದ್ದು ಅಂತ ಅವರಿಗೆ ಗುರುತು ಸಿಗುತ್ತಿರಲಿಲ್ಲ, ಅದಕ್ಕೇ ಕರೆದರು.

ಮಲೆನಾಡಿನ ಮನೆಯಲ್ಲಿ ಏನನ್ನೂ ಎಸೆಯುವ ಪದ್ಧತಿ ಇಲ್ಲ. ಮುಂದೊಂದು ದಿನ ಬೇಕಾದೀತು ಅಂತ ಎಲ್ಲವೂ ಅಟ್ಟ ಹತ್ತುತ್ತದೆ. ಅಜ್ಜನ ಕಾಲದ ತಗಡಿನ ಡಬ್ಬಿಗಳು, ಲೇಬಲ್ ಎಲ್ಲ ಇಲಿ ತಿಂದು ಹೋಗಿದ್ದವು. ಕೊಟ್ಟಿಗೆಯ ಗಳುವಿಗೆ ಸಿಕ್ಕಿಸಿದ ಕ್ವಾರ್ಟರ್ ಬಾಟಲಿಯಲ್ಲಿ ಕಂದು ಬಣ್ಣದ ಏನೋ ಒಂದು, ಬಟ್ಟೆಯ ಬಿರಡೆ. ಯಾವ ವರ್ಷ ಯಾರು ಹೊಯ್ದಿಟ್ಟರೋ ಯಾರಿಗೂ ಗೊತ್ತಿಲ್ಲ. ಪಕ್ಕದ ಮನೆಯವರು ಕೇಳಿದರು ಅಂತ ಒಂದಿಷ್ಟು ಬಗ್ಗಿಸಿ ಕೊಡುವುದು, ಅವರು ಉಳಿದದ್ದನ್ನು ಹಾಗೇ ವಾಪಸ್ ತಂದುಕೊಡುವುದು, ಈ ಕೊಡುಕೊಳ್ಳುವಿಕೆಯಲ್ಲಿ ಹುಟ್ಟಿದ ಬಾಟಲಿ ಅದು. ಬಚ್ಚಲುಮನೆಯ ಗೂಡಿನಲ್ಲಿ ಇಲಿಪಾಷಾಣ. ದೇವರ ಕೋಣೆಯ ಪಕ್ಕದ ಗೋಡೆಕಪಾಟಿನಲ್ಲಿ ಅಜ್ಜನ ಮಾತ್ರೆಗಳು. ಅಜ್ಜ ತೀರಿಕೊಂಡು ವರ್ಷಗಳಾಗಿವೆ, ಮಾತ್ರೆ ಚೀಟಿ ಸಮೇತ ಹಾಗೇ ಇವೆ. ಅಜ್ಜಿಯ ಬಿಪಿ, ಶುಗರ್ ಮಾತ್ರೆಗಳು ಊಟದ ಕೋಣೆಯ ಮೊಳೆಗೆ ನೇತುಹಾಕಿದ ಪ್ಲಾಸ್ಟಿಕ್ ಕೊಟ್ಟೆಯಲ್ಲಿ. ಜಗಲಿಯ ಗೋಡೆಯ ಮೇಲೆ ಕೋವಿ.

ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ಇದೆಲ್ಲ ನನ್ನಿಂದಾನಾ?" ಅಂದಳು. ನನಗೆ ಗಂಟಲು ಕಟ್ಟಿತು, ಅಪ್ಪ ಅಟ್ಟದ ಏಣಿಯ ಮೇಲೇ ನಿಂತುಬಿಟ್ಟರು. ಅಮ್ಮ ಮಾತ್ರ ಸೌತೆಕಾಯಿ ಹೆಚ್ಚುತ್ತಾ, ತಲೆ ಎತ್ತದೆ ಹೇಳಿದರು: "ಹೌದೇ. ಜ್ವರ ಬಂದಾಗ ತಣ್ಣೀರು ಮುಟ್ಟೋಕೆ ಬಿಡ್ತೀನಾ? ಹಾಗೇ ಇದು. ಇಳಿದ ಮೇಲೆ ನಿಂದೇ ಮನೆ, ನಿಂದೇ ಅಟ್ಟ."

ಕದ್ದುಮುಚ್ಚಿ ಮಾಡಬೇಡಿ ಅಂತ ವೈದ್ಯರೂ ಹೇಳಿದ್ದರಂತೆ. ರಾತ್ರೋರಾತ್ರಿ ಎಲ್ಲ ಮಾಯವಾದರೆ ಮಗುವಿಗೆ ತನ್ನ ಮೇಲೆ ಪತ್ತೇದಾರಿ ನಡೆಯುತ್ತಿದೆ ಅನ್ನಿಸುತ್ತದೆ. ಎದುರಿಗೇ ಹೇಳಿ ಮಾಡಿದರೆ, ಅದರಲ್ಲಿ ಇನ್ನೊಂದು ಮಾತೂ ಸೇರಿರುತ್ತದೆ: ನೀನು ನಮಗೆ ಬೇಕು. 'ಸಾಯಬೇಕು ಅನ್ನಿಸುತ್ತಾ?' ಅಂತ ನೇರ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಆಗುತ್ತದೆ ಅನ್ನುವ ಭಯ ನಮ್ಮಲ್ಲಿ ಬಹಳ. ಹಾಗೇನೂ ಆಗುವುದಿಲ್ಲ ಅಂತ ಸಂಶೋಧನೆಗಳು ಹೇಳುತ್ತವೆ. ಕೇಳಿದರೆ ಎಷ್ಟೋ ಮಕ್ಕಳು ಉಸಿರು ಬಿಟ್ಟ ಹಾಗೆ ಹೇಳಿಕೊಳ್ಳುತ್ತಾರೆ.

ಇನ್ನು ಅಂಗಡಿಯ ಕಟ್ಟೆ ಮೇಲೆ ನಾನು ಸಾವಿರ ಸಲ ಕೇಳಿದ ಮಾತಿಗೆ ಬರುತ್ತೇನೆ. "ಸಾಯೋರಿಗೆ ನೂರು ದಾರಿ, ನೀವು ಒಂದಕ್ಕೆ ಬೀಗ ಹಾಕಿದ್ರೆ ಎಂತ ಆಗ್ತದೆ?" ಕೇಳಲು ಬಹಳ ತಿಳಿವಳಿಕೆಯ ಮಾತಿನ ಹಾಗಿದೆ. ಆದರೆ ತಪ್ಪು. ಬದುಕಿ ಉಳಿದವರನ್ನು ಮಾತಾಡಿಸಿ ನೋಡಿದ ಅಧ್ಯಯನಗಳಲ್ಲಿ, ತೀರ್ಮಾನಕ್ಕೂ ಕೈಹಾಕಿದ್ದಕ್ಕೂ ನಡುವೆ ಕೆಲವೇ ನಿಮಿಷಗಳಿದ್ದವರು ಬಹಳ ಮಂದಿ. ಹಾಗೆ ಉಳಿದುಕೊಂಡವರಲ್ಲಿ ಹತ್ತಕ್ಕೆ ಒಂಬತ್ತು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಆ ಕೆಟ್ಟ ಹೊತ್ತು ದಾಟಿದರೆ ಆಯಿತು. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಅನ್ನುವುದರ ಮೇಲೆ ಜೀವ ನಿಂತಿರುತ್ತದೆ.

ಶ್ರೀಲಂಕಾದ ಉದಾಹರಣೆ ನನ್ನ ಕಸುಬಿಗೆ ಹತ್ತಿರದ್ದು. 1995ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣದಲ್ಲಿ ಜಗತ್ತಿನಲ್ಲೇ ಮುಂದಿದ್ದ ದೇಶಗಳಲ್ಲಿ ಅದೂ ಒಂದು. ಅತಿ ವಿಷಕಾರಿ ಕೀಟನಾಶಕಗಳನ್ನು ಅಲ್ಲಿನ ಸರ್ಕಾರ ಒಂದೊಂದಾಗಿ ನಿಷೇಧಿಸುತ್ತಾ ಬಂತು. ಇಪ್ಪತ್ತು ವರ್ಷದಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ಅಲ್ಲಿನ ಮಕ್ಕಳಿಗೆ ದುಃಖವೇನೂ ಕಡಿಮೆ ಆಗಿರಲಿಲ್ಲ; ವಿಷ ಕುಡಿದು ಆಸ್ಪತ್ರೆ ಸೇರುವವರ ಸಂಖ್ಯೆ ಹಾಗೆ ಇಳಿಯಲಿಲ್ಲ. ಸೇರಿದವರು ಬದುಕಿ ಮನೆಗೆ ಬಂದರು, ಅಷ್ಟೇ ವ್ಯತ್ಯಾಸ. ಭತ್ತದ ಇಳುವರಿಯೂ ಬಿದ್ದುಹೋಗಲಿಲ್ಲ. ಔಷಧಿ ವ್ಯಾಪಾರಿಯಾಗಿ ಈ ಮಾತು ಬರೆಯುವುದು ನನಗೆ ಲಾಭದ್ದಲ್ಲ, ಆದರೂ ನಿಜ.

ಅದೇ ಶ್ರೀಲಂಕಾದಿಂದ ಇನ್ನೊಂದು ಪಾಠವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅಲ್ಲಿ 180 ಹಳ್ಳಿಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಒಂದಷ್ಟು ಹಳ್ಳಿಗಳ ರೈತರ ಮನೆಗಳಿಗೆ ಬೀಗ ಹಾಕುವ ಪೆಟ್ಟಿಗೆ ಹಂಚಿದರು, ಉಳಿದವಕ್ಕೆ ಕೊಡಲಿಲ್ಲ. 2017ರಲ್ಲಿ ಫಲಿತಾಂಶ ಬಂತು. ಪೆಟ್ಟಿಗೆ ಕೊಟ್ಟ ಹಳ್ಳಿಗಳಲ್ಲಿ ವಿಷ ಕುಡಿಯುವ ಪ್ರಕರಣಗಳು ಕಡಿಮೆಯಾದದ್ದು ಕಾಣಲಿಲ್ಲ. ಓದಿದಾಗ ಬೇಜಾರಾಯಿತು. ಆಮೇಲೆ ನಮ್ಮ ಕಡೆಯ ಮನೆಗಳನ್ನು ನೆನೆಸಿಕೊಂಡೆ. ನಮ್ಮಲ್ಲಿ ಬೀಗ ಇರುತ್ತದೆ, ಬೀಗದ ಕೈ ಕ್ಯಾಲೆಂಡರಿನ ಹಿಂದಿನ ಮೊಳೆಯಲ್ಲಿ ಇರುತ್ತದೆ. ಇಲ್ಲವೇ ಹಂಚಿನ ಸಂದಿಯಲ್ಲಿ. ಮೂರು ವರ್ಷದ ಮೊಮ್ಮಗನಿಗೂ ಜಾಗ ಗೊತ್ತು. ನಂಬರ್ ಲಾಕ್ ತಂದರೂ ನಂಬರು ಬೈಕಿನದ್ದೇ!

ಆದ್ದರಿಂದ ಊರಿಗೆಲ್ಲ ಪೆಟ್ಟಿಗೆ ಹಂಚುವ ಮಾತು ಬೇರೆ, ಅಪಾಯ ಎದುರಿಗೇ ಕಾಣುತ್ತಿರುವ ಒಂದು ಮನೆಯ ಮಾತು ಬೇರೆ. ಅಂಥ ಮನೆಯಲ್ಲಿ ಪೆಟ್ಟಿಗೆ ಎರಡನೆಯ ದಾರಿ. ಮೊದಲನೆಯದು ವಸ್ತುವೇ ಮನೆಯಲ್ಲಿ ಇಲ್ಲದ ಹಾಗೆ ಮಾಡುವುದು. ತಮಿಳುನಾಡಿನಲ್ಲಿ ಆತ್ಮಹತ್ಯೆ ತಡೆಗೆ ಕೆಲಸ ಮಾಡುವ ಚೆನ್ನೈನ ಸ್ನೇಹಾ ಸಂಸ್ಥೆಯ ಡಾ. ಲಕ್ಷ್ಮಿ ವಿಜಯಕುಮಾರ್ ಅವರ ತಂಡ ಹಳ್ಳಿಯಲ್ಲೇ ಒಂದು ಸಾಮೂಹಿಕ ದಾಸ್ತಾನು ಕೋಣೆ ಮಾಡಿ, ಬ್ಯಾಂಕ್ ಲಾಕರಿನ ಹಾಗೆ ಪ್ರತಿ ರೈತನಿಗೂ ಒಂದು ಖಾನೆ ಕೊಟ್ಟು ನೋಡಿತು. ನಮ್ಮಲ್ಲಿ ಮನೆಗಳು ಗುಡ್ಡಕ್ಕೊಂದು, ಹಳ್ಳಕ್ಕೊಂದು. ಅಂಥ ಕೋಣೆ ಕಷ್ಟ. ಆದರೆ ಮುಯ್ಯಾಳು ಬಲ್ಲ ಊರು ನಮ್ಮದು. ಗದ್ದೆ ನಾಟಿಗೆ ಹೋಗಿಬರುವವರು ಒಂದು ಹಂಗಾಮು ಡಬ್ಬಿಗಳನ್ನು ಇಟ್ಟುಕೊಳ್ಳುವುದಿಲ್ಲವೇ? ಆ ಮನೆಯವರು ಹಾಗೇ ಮಾಡಿದರು. ಗದ್ದೆಗೆ ಬೇಕಾದಷ್ಟು ಔಷಧಿ ಭಾವನ ಮನೆಯ ಗೋದಾಮಿನಲ್ಲಿ, ಹೊಡೆಯುವ ದಿನ ಆ ದಿನಕ್ಕೆ ಬೇಕಾದಷ್ಟೇ ತಂದು ಮುಗಿಸುವುದು. ಕೊಳೆ ಔಷಧಿಯನ್ನು ಪೂರ್ತಿ ಗುತ್ತಿಗೆಗೆ ಕೊಟ್ಟರು, ಹೊಡೆಯುವವರೇ ಸಾಮಾನು ತಂದು ಉಳಿದದ್ದನ್ನು ಹೊತ್ತುಕೊಂಡು ಹೋಗುತ್ತಾರೆ.

ಡಬ್ಬಿಯ ಮೇಲಿನ ತ್ರಿಕೋನದ ಬಗ್ಗೆ ಒಂದು ಮಾತು. ಕೆಂಪು, ಹಳದಿ, ನೀಲಿ, ಹಸಿರು ಅಂತ ವಿಷದ ತೀವ್ರತೆಗೆ ತಕ್ಕ ಬಣ್ಣ ಇರುತ್ತದೆ. ಅದು ಹೊಡೆಯುವವನ ಎಚ್ಚರಿಕೆಗೆ ಇರುವ ಗುರುತು. 'ಇದು ಹಸಿರು, ಇರಲಿ ಬಿಡಿ' ಅಂತ ಆರಿಸಿ ಇಡಬೇಡಿ, ಎಲ್ಲವೂ ಹೊರಗೆ.

ಕೋವಿಯ ವಿಷಯದಲ್ಲಿ ನಮ್ಮವರಿಗೆ ಹೊಸದಾಗಿ ಕಲಿಸುವುದೇನಿಲ್ಲ. ಚುನಾವಣೆ ಬಂತೆಂದರೆ ಬೆಳೆ ರಕ್ಷಣೆಯ ಕೋವಿಯನ್ನು ಹೊತ್ತುಕೊಂಡು ಹೋಗಿ ಠಾಣೆಯಲ್ಲಿ ಇಟ್ಟು ರಸೀದಿ ತರುತ್ತೇವಲ್ಲ, ಚುನಾವಣೆ ಇಲ್ಲದಾಗಲೂ ಅದನ್ನು ಮಾಡಬಹುದು. ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯ ಹತ್ತಿರವೂ ಇಡಬಹುದು. ಅಮೆರಿಕದಲ್ಲಿ ಆತ್ಮಹತ್ಯೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದೂಕಿನಿಂದ ಆಗುವುದರಿಂದ ಅಲ್ಲಿನ ವೈದ್ಯರು ಅಪ್ಪ ಅಮ್ಮಂದಿರ ಹತ್ತಿರ ಮೊದಲು ಅದನ್ನೇ ಕೇಳುತ್ತಾರೆ. ನಮ್ಮಲ್ಲಿ ಆ ಪ್ರಮಾಣ ಇಲ್ಲ, ಹಾಗಂತ ಜಗಲಿಯ ಗೋಡೆಯ ಮೇಲೆ ಇರುವುದು ಸರಿ ಅಂತಲೂ ಅಲ್ಲ. 'ಮಂಗ ಬಂದ್ರೆ ಎಂತ ಮಾಡೂದು?' ಅಂತ ಆ ಮನೆಯ ಅಜ್ಜಿ ಕೇಳಿದರು. ಒಂದು ವರ್ಷ ಮಂಗ ತಿಂದುಕೊಂಡು ಹೋಗಲಿ. ಲೈಸೆನ್ಸ್ ಇಲ್ಲದ ಕೋವಿಗಳ ಬಗ್ಗೆ ನಾನು ಇಲ್ಲಿ ಏನೂ ಬರೆಯುವುದಿಲ್ಲ. ಯಾರಿಗೆ ಹೇಳಬೇಕೋ ಅವರಿಗೆ ಬಾಯಲ್ಲೇ ಹೇಳಿದ್ದೇನೆ.

ಮಾತ್ರೆಗಳ ಕೆಲಸ ಸುಲಭ, ಆದರೂ ಜನ ಮಾಡುವುದಿಲ್ಲ. ಸತ್ತವರ ಮಾತ್ರೆ, ವಾಯಿದೆ ಮುಗಿದ ಮಾತ್ರೆ, ಯಾವಾಗಲೋ ಹಲ್ಲುನೋವಿಗೆ ತಂದು ಉಳಿದದ್ದು ಎಲ್ಲ ಹೋಗಬೇಕು. ಅಜ್ಜಿಯದ್ದು ವಾರಕ್ಕೆ ಬೇಕಾದಷ್ಟು ಮಾತ್ರ ತರಿಸಿ, ಅದೂ ಬೀಗದೊಳಗೆ. ಮಗಳಿಗೆ ಕೊಟ್ಟ ಮಾತ್ರೆಯನ್ನೂ ಅಮ್ಮನೇ ಹೊತ್ತು ಹೊತ್ತಿಗೆ ಕೈಯಲ್ಲಿ ಕೊಡುತ್ತಾರೆ. ಬೀಗದ ಕೈ ಅವರ ಸೆರಗಿನ ಪಿನ್ನಿನಲ್ಲಿ ಇರುತ್ತದೆ, ಸ್ನಾನಕ್ಕೆ ಹೋಗುವಾಗ ಗಂಡನ ಜೇಬಿಗೆ. ಮನೆಯಲ್ಲಿ ಕುಡಿಯುವ ಅಭ್ಯಾಸ ಇದ್ದವರ ಬಾಟಲಿಯೂ ಹೊರಗೆ ಹೋಗಲಿ. ಮದ್ಯ ಹೊಟ್ಟೆಗೆ ಹೋದರೆ ತಡೆಯುವ ಬುದ್ಧಿ ಮೊದಲು ಮಲಗುತ್ತದೆ. ಈ ವಿಷಯಕ್ಕೆ ಆ ಮನೆಯ ಚಿಕ್ಕಪ್ಪ ಸ್ವಲ್ಪ ಮುಖ ಊದಿಸಿಕೊಂಡರು ಅಂತ ಕೇಳಿದೆ.

ಎಲ್ಲದಕ್ಕೂ ಬೀಗ ಹಾಕಲು ಆಗುವುದಿಲ್ಲ. ಮಲೆನಾಡಿನ ಮನೆ ಅಂದರೆ ಸುತ್ತ ಕಾಡು, ನೀರು. ಅದಕ್ಕೆ ಇರುವುದು ಜನ. ಮೊದಲ ವಾರಗಳಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮದುವೆ ಮನೆಗೆ ಹೋಗಲೇಬೇಕು ಅಂದರೆ ಒಬ್ಬರು ಉಳಿಯಿರಿ. ರಾತ್ರಿ ಅಮ್ಮನೋ ಅಕ್ಕನೋ ಅದೇ ಕೋಣೆಯಲ್ಲಿ ಮಲಗಲಿ. ಕೋಣೆಗೆ ಒಳಗಿನ ಚಿಲಕ ಬೇಡ. ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದ ಮೇಲಿನ ವಾರಗಳಲ್ಲಿ ಇನ್ನೂ ಎಚ್ಚರ ಬೇಕು. ಮನೆಗೆ ಬಂದಳು, ನಗುತ್ತಿದ್ದಾಳೆ, ಎಲ್ಲ ಸರಿಯಾಯಿತು ಅಂತ ಜನ ಡಬ್ಬಿಗಳನ್ನು ವಾಪಸ್ ತರುವುದು ಅದೇ ಹೊತ್ತಿಗೆ, ಆ ತಪ್ಪು ಮಾಡಬೇಡಿ. ಯಾವಾಗ ತರಬಹುದು ಅನ್ನುವುದನ್ನು ವೈದ್ಯರನ್ನೇ ಕೇಳಿ.

ವೈದ್ಯರು ಎಲ್ಲಿ ಅಂತ ಕೇಳುತ್ತೀರಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರದ ಹೊತ್ತಿಗೆ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಹೊರಡುವ ಮೊದಲು ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿಕೊಳ್ಳಿ. ಫೋನಿನಲ್ಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, ನಂಬರ್ 14416. 2022ರ ಅಕ್ಟೋಬರ್ 10ಕ್ಕೆ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಗುವೇ ಮಾಡಬೇಕೆಂದಿಲ್ಲ, ಗಾಬರಿಯಾದ ಅಪ್ಪನೂ ಮಾಡಬಹುದು. ಆದರೆ ನಮ್ಮಲ್ಲಿ ಟವರ್ ಸಿಗುವುದು ಗುಡ್ಡದ ತುದಿ ಹತ್ತಿದರೆ. ಮನಸ್ಸು ಕೆಟ್ಟ ಮಗು ಸಿಗ್ನಲ್ ಹುಡುಕಿಕೊಂಡು ಕತ್ತಲಲ್ಲಿ ಗುಡ್ಡ ಹತ್ತುವುದು ಬೇಡ. ಮನೆಯಲ್ಲಿ ಇಂಟರ್ನೆಟ್ ಇದ್ದರೆ ಮೊಬೈಲಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಟ್ಟುಕೊಳ್ಳಿ, ನಿಮಗೆ ಬಾರದಿದ್ದರೆ ಮಗುವಿನ ಹತ್ತಿರವೇ ಕೇಳಿ ಮಾಡಿಸಿಕೊಳ್ಳಿ.

ಅಷ್ಟಾದರೂ ಏನಾದರೂ ಕುಡಿದಿದ್ದಾರೆ ಅಂತ ಅನುಮಾನ ಬಂದರೆ 108ಕ್ಕೆ ಫೋನ್ ಮಾಡಿ, ಅದು ತಡವಾಗುತ್ತದೆ ಅನ್ನಿಸಿದರೆ ಸಿಕ್ಕಿದ ಗಾಡಿ ಹತ್ತಿಸಿ. ಉಪ್ಪುನೀರು, ಸಗಣಿನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮ ಕಡೆ ಇನ್ನೂ ಇದೆ, ಅದರಿಂದ ಅಪಾಯ ಹೆಚ್ಚುತ್ತದೆ. ಡಬ್ಬಿಯನ್ನು ಲೇಬಲ್ ಸಮೇತ ಜತೆಗೆ ಒಯ್ಯಿರಿ, ಏನು ಚಿಕಿತ್ಸೆ ಅನ್ನುವುದು ಅದನ್ನು ನೋಡಿದರೆ ವೈದ್ಯರಿಗೆ ಬೇಗ ತಿಳಿಯುತ್ತದೆ. ಪೊಲೀಸ್ ಕೇಸಿಗೆ ಹೆದರಿ ಹೊತ್ತು ಕಳೆಯುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಹಾಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಇಲ್ಲ. ಚಿಕಿತ್ಸೆ, ಆರೈಕೆ ಕೊಡುವುದು ಸರ್ಕಾರದ ಹೊಣೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಜನ, ಅದರಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು. ಅದೇ ವರ್ಷ ಕೇಂದ್ರ ಆರೋಗ್ಯ ಇಲಾಖೆ ಆತ್ಮಹತ್ಯೆ ತಡೆಗೆ ರಾಷ್ಟ್ರೀಯ ಕಾರ್ಯತಂತ್ರ ಹೊರಡಿಸಿತು, ಕೀಟನಾಶಕ ಕೈಗೆ ಸಿಗದಂತೆ ಮಾಡುವುದೂ ಅದರಲ್ಲಿದೆ. ಅದು ನಮ್ಮ ಊರಿನ ತನಕ ಬರುವಾಗ ಬರಲಿ. ಅಲ್ಲಿಯವರೆಗೆ ನನ್ನ ಅಂಗಡಿಯಲ್ಲಿ ನಾನು ಮಾಡಿಕೊಂಡ ಕಟ್ಟುಪಾಡು ಹೇಳುತ್ತೇನೆ. ಲೀಟರ್ ಅಗ್ಗ ಅಂತ ಕೇಳಿದರೂ ಎಕರೆ ಲೆಕ್ಕ ಹಾಕಿ ಬೇಕಾದಷ್ಟೇ ಕೊಡುತ್ತೇನೆ. ಬಾಟಲಿ ತಂದು 'ಸ್ವಲ್ಪ ಬಗ್ಗಿಸಿ ಕೊಡಿ' ಅಂದರೆ ಕೊಡುವುದಿಲ್ಲ. ಗುರುತಿಲ್ಲದ ಹುಡುಗರು, ಮನೆಯವರಿಲ್ಲದೆ ಬಂದ ಮಕ್ಕಳಿಗೆ ಇಲ್ಲ. ಅಪ್ಪನಿಗೆ ಫೋನ್ ಹಚ್ಚುತ್ತೇನೆ, ಅವರಿಗೆ ಸಿಟ್ಟು ಬಂದರೆ ಬರಲಿ. ಎದುರಿನ ಅಂಗಡಿಯವರೂ ಈಗ ಹಾಗೇ ಮಾಡುತ್ತಾರೆ, ಮೊದಲು ನಕ್ಕಿದ್ದರು.

ಆ ಹುಡುಗಿ ಈಗ ಶಿವಮೊಗ್ಗದಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ಚಿಕಿತ್ಸೆ ಮುಂದುವರಿದಿದೆ. ಮನೆಗೆ ಬಂದಾಗ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಾಳೆ, ಮಾತಾಡಿಸಿದರೆ ಮಾತಾಡುತ್ತಾಳೆ, ಒಮ್ಮೊಮ್ಮೆ ಮೊಬೈಲಿನಿಂದ ತಲೆ ಎತ್ತುವುದೂ ಇಲ್ಲ. ಡಬ್ಬಿಗಳು ಇನ್ನೂ ಭಾವನ ಮನೆಯಲ್ಲೇ ಇವೆ.

ನಿಮ್ಮ ಮನೆಯಲ್ಲೂ ಅಂಥ ಚಿಂತೆ ಇದ್ದರೆ ಡಬ್ಬಿಗಳನ್ನು ತನ್ನಿ. ಸೀಲ್ ಒಡೆಯದ್ದು, ವಾಯಿದೆ ಇರುವುದು ಆದರೆ ದುಡ್ಡು ವಾಪಸ್, ಬಿಲ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ತನ್ನಿ. ಒಡೆದದ್ದಕ್ಕೆ ದುಡ್ಡು ಕೊಡಲು ಆಗುವುದಿಲ್ಲ, ಆದರೆ ಹಳ್ಳಕ್ಕೆ ಮಾತ್ರ ಸುರಿಯಬೇಡಿ; ತಂದರೆ ಗೋದಾಮಿನಲ್ಲಿ ಇಟ್ಟುಕೊಳ್ಳುತ್ತೇನೆ, ಹೊಡೆಯುವ ದಿನ ಬಂದು ಒಯ್ಯಿರಿ. ಯಾಕೆ ಅಂತ ಕೇಳುವುದಿಲ್ಲ. ಭಾನುವಾರ ಅಂಗಡಿ ರಜೆ, ಹಿಂದಿನ ಮನೆ ನಮ್ಮದೇ, ನಾಯಿ ಬೊಗಳುತ್ತದೆ ಕಚ್ಚುವುದಿಲ್ಲ.